ಎರಡು ಗಡಿಯಾರಗಳ ನಡುವೆ: ನರವಿಜ್ಞಾನ ಮತ್ತು ಕಂಪ್ಯೂಟರ್ ಲ್ಯಾಬುಗಳ ವಿನಿಮಯದಿಂದ ವೃತ್ತಿಗೆ ಏನು ಸಿಗುತ್ತದೆ

ಇಲಿಯೊಂದು ಹಾದಿಯ ಕವಲಿನಲ್ಲಿ ಎಡಕ್ಕೆ ಹೊರಳುತ್ತದೆ. ಆ ಗಳಿಗೆಯಲ್ಲಿ ಅದರ ಮಿದುಳಿನ ಯಾವ ನರಕೋಶ ಮಿಡಿಯಿತು ಎನ್ನುವುದು ಪ್ರಶ್ನೆ. ಇಲಿಯ ಓಡಾಟವನ್ನು ಕ್ಯಾಮೆರಾ ಸೆಕೆಂಡಿಗೆ 30 ಚಿತ್ರದಂತೆ ಹಿಡಿಯುತ್ತಿದೆ. ಮಿದುಳಿಗೆ ಇಳಿಸಿದ ಎಲೆಕ್ಟ್ರೋಡು ಸೆಕೆಂಡಿಗೆ 30,000 ಸಲ ವೋಲ್ಟೇಜು ಅಳೆಯುತ್ತಿದೆ. ಎರಡಕ್ಕೂ ಅದರದರದೇ ಗಡಿಯಾರ. ಇಂಥ ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 20 ಭಾಗದಷ್ಟು ವ್ಯತ್ಯಾಸ ಇರುವುದು ಮಾಮೂಲು. ಕೇಳಲು ಏನೂ ಅಲ್ಲ. ಆದರೆ ಒಂದು ಗಂಟೆಯ ದಾಖಲೆಯ ಕೊನೆಗೆ ಅದು 72 ಮಿಲಿಸೆಕೆಂಡ್ ಆಗುತ್ತದೆ, ಅಂದರೆ ಕ್ಯಾಮೆರಾದ ಎರಡು ಚಿತ್ರಗಳಷ್ಟು. ನರಕೋಶದ ಒಂದು ಸ್ಪೈಕ್, ಅಂದರೆ ಒಂದು ವಿದ್ಯುತ್ ಮಿಡಿತ, ಮುಗಿಯುವುದೇ ಒಂದೆರಡು ಮಿಲಿಸೆಕೆಂಡಿನಲ್ಲಿ. ಹಾಗಾಗಿ ‘ಇಲಿ ತಿರುಗುವ ಮೊದಲೇ ಈ ನರಕೋಶಕ್ಕೆ ಸುಳಿವು ಸಿಕ್ಕಿತ್ತು’ ಎಂದು ಗ್ರಾಫು ತೋರಿಸಿದರೆ, ಅದು ಮಿದುಳಿನ ಗುಣವೋ ಗಡಿಯಾರದ ದೋಷವೋ ಎಂದು ಗ್ರಾಫು ನೋಡಿ ಹೇಳಲಾಗದು.

ಪರಿಹಾರ ಸರಳ. ಒಂದು ಪುಟ್ಟ ಎಲ್‌ಇಡಿ ದೀಪವನ್ನು ಕ್ಯಾಮೆರಾದ ಕಣ್ಣಿಗೆ ಬೀಳುವಂತೆ ಇಟ್ಟು, ಅದನ್ನು ಹೊತ್ತಿಸುವ ವಿದ್ಯುತ್ ಸಂಕೇತವನ್ನೇ ಎಲೆಕ್ಟ್ರೋಡಿನ ದಾಖಲೆಗೂ ಕೊಡುವುದು. ಹೊತ್ತುವ ಅಂತರ ಒಂದೇ ಸಮನಾಗಿರಬಾರದು. ಸಮನಾಗಿದ್ದರೆ ಶುರುವಿನ ಒಂದು ಸಂಕೇತ ತಪ್ಪಿಹೋದರೂ ತಿಳಿಯುವುದಿಲ್ಲ, ಅಲ್ಲಿಂದ ಮುಂದಿನದೆಲ್ಲ ಒಂದೊಂದು ಸ್ಥಾನ ಸರಿದು ಕೂರುತ್ತದೆ. ಅಂತರ ಏರುಪೇರಾಗಿದ್ದರೆ ಎರಡೂ ಕಡೆಯ ಜೋಡಿಗಳನ್ನು ಹೊಂದಿಸಿ, ಒಂದು ಸರಳರೇಖೆ ಎಳೆದು, ಒಂದು ಗಡಿಯಾರದ ಹೊತ್ತನ್ನು ಇನ್ನೊಂದಕ್ಕೆ ಬದಲಾಯಿಸಬಹುದು.

ಈ ತಪ್ಪು ಉಳಿದುಬಿಡುವುದು ಯಾರಿಗೂ ಬುದ್ಧಿ ಸಾಲದೆ ಅಲ್ಲ. ಇಲಿಯನ್ನು ಸಾಕಿ, ಶಸ್ತ್ರಚಿಕಿತ್ಸೆ ಮಾಡಿ, ದಾಖಲೆ ತೆಗೆದವರು ಗಡಿಯಾರದ ಗೊಡವೆಗೆ ಹೋಗುವುದಿಲ್ಲ. ವಿಶ್ಲೇಷಣೆ ಮಾಡುವವರ ಕೈಗೆ ಬರುವುದು ಅಚ್ಚುಕಟ್ಟಾದ ಎರಡು ಫೈಲು, ಅವು ಎರಡು ಯಂತ್ರಗಳಿಂದ ಬಂದವು ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಎರಡೂ ಕಡೆ ಕೂತು ಬಂದವರಿಗೆ ಮಾತ್ರ ಮೊದಲ ದಿನವೇ ಸಂಶಯ ಬರುತ್ತದೆ. ನರವಿಜ್ಞಾನದ ಲ್ಯಾಬು ಮತ್ತು ಕಂಪ್ಯೂಟರ್ ಲ್ಯಾಬಿನ ನಡುವಿನ ವಿನಿಮಯದಿಂದ, ಅಂದರೆ ಒಂದು ಕಡೆಯವರು ಕೆಲವು ವಾರ ಇನ್ನೊಂದು ಕಡೆ ಕೂತು ಕೆಲಸ ಮಾಡುವುದರಿಂದ, ವೃತ್ತಿಗೆ ಸಿಗುವ ನಿಜವಾದ ಲಾಭ ಇದು ಎಂದು ನಮ್ಮ ಅಭಿಪ್ರಾಯ. ಎರಡು ವಿಷಯ ಗೊತ್ತು ಎಂದು ಹೇಳಿಕೊಳ್ಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಎರಡು ವಿಷಯ ಕೂಡುವ ಜಾಗದಲ್ಲಿ ಮಾತ್ರ ಹುಟ್ಟುವ ತಪ್ಪನ್ನು ಹಿಡಿಯಬಲ್ಲವರು ಕಡಿಮೆ.

ಹಳೆಯ ನೆಂಟಸ್ತಿಕೆ

ಈ ಎರಡು ಶಾಸ್ತ್ರಗಳ ಕೊಡುಕೊಳುಗೆ ಹೊಸದಲ್ಲ. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ನರಕೋಶವನ್ನು ಹೌದು-ಅಲ್ಲ ಎನ್ನುವ ತರ್ಕದ ಘಟಕವಾಗಿ ಬರೆದರು. 1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್‌ನ ದಪ್ಪ ನರತಂತುವಿನಲ್ಲಿ ಸ್ಪೈಕ್ ಹೇಗೆ ಏಳುತ್ತದೆ ಎಂಬುದಕ್ಕೆ ಸಮೀಕರಣ ಕೊಟ್ಟರು. ಕೇಂಬ್ರಿಜ್‌ನ ಕಂಪ್ಯೂಟರು ಆಗ ದೊಡ್ಡ ಮಾರ್ಪಾಡಿಗಾಗಿ ನಿಂತಿದ್ದರಿಂದ ಹಕ್ಸ್‌ಲಿ ಆ ಲೆಕ್ಕವನ್ನು ಕೈಯಿಂದ ಹಿಡಿ ತಿರುಗಿಸುವ ಯಂತ್ರದಲ್ಲೇ ಮಾಡಿ ಮುಗಿಸಿದರು. ಹ್ಯೂಬೆಲ್ ಮತ್ತು ವೀಸೆಲ್ ಬೆಕ್ಕಿನ ದೃಷ್ಟಿಕೇಂದ್ರದಲ್ಲಿ ಕಂಡದ್ದನ್ನು ಆಧರಿಸಿ 1980ರಲ್ಲಿ ಫುಕುಶಿಮಾ ಆಕಾರಗಳನ್ನು ಗುರುತಿಸುವ ನಿಯೋಕಾಗ್ನಿಟ್ರಾನ್ ಎಂಬ ಕೃತಕ ನರಜಾಲ ಕಟ್ಟಿದರು. ಇವತ್ತು ಫೋನು ನಿಮ್ಮ ಮುಖ ಗುರುತಿಸುವ ವಿದ್ಯೆಯ ಒಂದು ಬೇರು ಅಲ್ಲಿದೆ. 2024ರ ಭೌತಶಾಸ್ತ್ರದ ನೊಬೆಲ್ ಹಾಪ್‌ಫೀಲ್ಡ್ ಮತ್ತು ಹಿಂಟನ್ ಅವರಿಗೆ ಸಂದದ್ದು ಇದೇ ಕೊಡುಕೊಳುಗೆಗೆ.

ವಿನಿಮಯ ಹೇಗೆ ಫಲ ಕೊಡುತ್ತದೆ ಎಂಬುದಕ್ಕೆ ಎಲ್ಲಕ್ಕಿಂತ ಸ್ಪಷ್ಟ ಉದಾಹರಣೆ ಡೋಪಮೀನ್ ಎಂಬ ಮಿದುಳಿನ ರಾಸಾಯನಿಕದ್ದು, ಅದನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಮುಂಬೈಯ ಮಾಟುಂಗಾದ ಒಂದು ಉಡುಪಿ ಹೋಟೆಲಿಗೆ ನೀವು ದಿನಾ ಹೋಗುತ್ತೀರಿ ಎಂದುಕೊಳ್ಳಿ. ಒಂದು ದಿನ ಕೇಳದೇ ಮಾಣಿ ಒಂದು ತುಂಡು ಮೈಸೂರುಪಾಕು ತಂದಿಡುತ್ತಾನೆ. ಬಾಯಿಗಿಟ್ಟಾಗ ಖುಷಿ. ಹತ್ತು ದಿನ ಹೀಗೇ ನಡೆದರೆ, ಅವನು ತಟ್ಟೆ ಹಿಡಿದು ಒಳಗಿನಿಂದ ಹೊರಟದ್ದು ಕಂಡಾಗಲೇ ಖುಷಿ ಆಗಿಬಿಡುತ್ತದೆ, ತಿನ್ನುವಾಗ ಹೊಸದೇನೂ ಇಲ್ಲ. ಹನ್ನೊಂದನೆಯ ದಿನ ತಟ್ಟೆ ಪಕ್ಕದ ಮೇಜಿಗೆ ಹೋದರೆ, ನಿಮ್ಮೆದುರು ಅದು ಬರಬೇಕಿದ್ದ ಸರಿಯಾದ ಗಳಿಗೆಯಲ್ಲಿ ಮನಸ್ಸು ಕುಸಿಯುತ್ತದೆ. ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಡೋಪಮೀನ್ ನರಕೋಶಗಳಲ್ಲಿ ಕಂಡದ್ದು ಇದೇ ಮೂರು ಹಂತ: ಮೊದಮೊದಲು ಹಣ್ಣಿನ ರಸ ಸಿಕ್ಕಾಗ ಮಿಡಿತ, ಕಲಿತ ಮೇಲೆ ರಸದ ಮುನ್ಸೂಚನೆಗೇ ಮಿಡಿತ, ರಸ ತಪ್ಪಿದಾಗ ಅದು ಬರಬೇಕಿದ್ದ ಹೊತ್ತಿಗೆ ಮಿಡಿತದಲ್ಲಿ ಇಳಿತ. ಕೊನೆಯದಕ್ಕೆ ಅರ್ಥ ಹೇಳುವುದು ಕಷ್ಟವಾಗಿತ್ತು.

ಕಂಪ್ಯೂಟರ್ ಕಡೆಯಲ್ಲಿ ಸಟನ್ ಮತ್ತು ಬಾರ್ಟೋ ಯಂತ್ರ ಕಲಿಯುವುದಕ್ಕೆಂದು ಒಂದು ಸೂತ್ರ ಬೆಳೆಸಿದ್ದರು. ಸಿಕ್ಕಿದ್ದರಿಂದ ನಿರೀಕ್ಷಿಸಿದ್ದನ್ನು ಕಳೆದು, ಉಳಿದ ವ್ಯತ್ಯಾಸದಿಂದ ನಿರೀಕ್ಷೆಯನ್ನು ತಿದ್ದಿಕೊಳ್ಳುವುದು ಅದರ ತಿರುಳು. ಮಾಂಟೇಗ್ ಮತ್ತು ಪೀಟರ್ ದಯಾನ್ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ನರಕೋಶದ ಮಿಡಿತ ಆ ವ್ಯತ್ಯಾಸದ ಹಾಗೆಯೇ ಏರಿಳಿಯುತ್ತಿತ್ತು. 1997ರಲ್ಲಿ ಶುಲ್ಟ್ಸ್, ದಯಾನ್, ಮಾಂಟೇಗ್ ಸೇರಿ ಬರೆದ ಲೇಖನ ಬಂತು. 2017ರಲ್ಲಿ ಬ್ರೇನ್ ಪ್ರೈಜ್ ಎಂಬ ನರವಿಜ್ಞಾನದ ಪ್ರಶಸ್ತಿ ಪಡೆದ ಮೂವರಲ್ಲಿ ದಯಾನ್ ಮತ್ತು ಶುಲ್ಟ್ಸ್ ಇದ್ದರು, ಕಂಪ್ಯೂಟರ್ ವಿಜ್ಞಾನದ 2024ರ ಟ್ಯೂರಿಂಗ್ ಪ್ರಶಸ್ತಿ ಸಟನ್ ಮತ್ತು ಬಾರ್ಟೋ ಅವರಿಗೆ ಬಂತು. ಒಂದು ಲ್ಯಾಬಿನ ಒಗಟು ಇನ್ನೊಂದು ಲ್ಯಾಬಿನ ಸೂತ್ರಕ್ಕೆ ಎದುರಾಗುವಂತೆ ಮಾಡಿದ್ದು ಇಷ್ಟಕ್ಕೆಲ್ಲ ಮೂಲ.

ಮುಂಬೈ, ಪುಣೆ, ಗೋವಾದಲ್ಲಿ ಎಲ್ಲಿಗೆ

ವಿನಿಮಯ ಎಂದ ಕೂಡಲೇ ವಿಮಾನದ ಟಿಕೆಟ್ ನೆನಪಾಗಬೇಕಿಲ್ಲ. ಮುಂಬೈಯ ಕೊಲಾಬಾದಲ್ಲಿ ಟಿಐಎಫ್‌ಆರ್ ಎಂಬ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎರಡೂ ಒಂದೇ ಆವರಣದಲ್ಲಿವೆ. ನಮ್ಮ ದೇಶದಲ್ಲೇ ಕಟ್ಟಿದ ಮೊದಲ ಕಂಪ್ಯೂಟರುಗಳಲ್ಲಿ ಒಂದಾದ ಟಿಫ್ರ್ಯಾಕ್ 1960ರಲ್ಲಿ ಕೆಲಸ ಶುರುಮಾಡಿದ್ದು ಅಲ್ಲಿ. ಎರಡು ವರ್ಷದಲ್ಲಿ ಒಬೈದ್ ಸಿದ್ದಿಕಿ ಅದೇ ಸಂಸ್ಥೆಯಲ್ಲಿ ಆಣ್ವಿಕ ಜೀವಶಾಸ್ತ್ರದ ಘಟಕ ಕಟ್ಟಿದರು. ಮುಂದೆ ವೆರೋನಿಕಾ ರಾಡ್ರಿಗಸ್ ಅವರೊಂದಿಗೆ ಹಣ್ಣಿನ ನೊಣ ವಾಸನೆಯನ್ನು ಹೇಗೆ ಗ್ರಹಿಸುತ್ತದೆ ಎಂಬ ಕೆಲಸ ಬೆಳೆದದ್ದೂ ಅಲ್ಲೇ. ಆ ನೊಣದ ಇಡೀ ಮಿದುಳಿನ ನಕ್ಷೆ 2024ರಲ್ಲಿ ಪ್ರಕಟವಾಯಿತು: ಸುಮಾರು 1,39,000 ನರಕೋಶ, ಅವುಗಳ ನಡುವೆ ಸುಮಾರು 5 ಕೋಟಿ ಬೆಸುಗೆ. ಅದನ್ನು ಓದಲು ಈಗ ಬೇಕಿರುವವರು ಜಾಲಗಳ ಲೆಕ್ಕ ಬಲ್ಲ ಕಂಪ್ಯೂಟರ್ ವಿದ್ಯಾರ್ಥಿಗಳು. ದತ್ತಾಂಶ ಎಲ್ಲರಿಗೂ ತೆರೆದಿದೆ.

ಪೊವಾಯಿಯ ಐಐಟಿ ಬಾಂಬೆಯಲ್ಲಿ ಜೈವಿಕ ವಿಜ್ಞಾನ ಮತ್ತು ಜೈವಿಕ ಎಂಜಿನಿಯರಿಂಗ್ ಒಂದೇ ವಿಭಾಗ, ಕಂಪ್ಯೂಟರ್ ವಿಭಾಗಕ್ಕೆ ಅಲ್ಲಿಂದ ನಡೆದೇ ಹೋಗಬಹುದು. ಪುಣೆಯ ಪಾಷಾಣದಲ್ಲಿ 2006ರಿಂದ ಇರುವ ಐಸರ್ ಎಂಬ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ನರಜಾಲಗಳ ಗಣಿತ ಮಾಡುವ ಲ್ಯಾಬುಗಳಿವೆ, ಪರಂ ಬ್ರಹ್ಮ ಎಂಬ ಸೂಪರ್‌ಕಂಪ್ಯೂಟರೂ ಇದೆ. 1991ರಲ್ಲಿ ಪರಂ 8000 ಸೂಪರ್‌ಕಂಪ್ಯೂಟರ್ ತಯಾರಿಸಿದ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್ ಇರುವುದೂ ಪುಣೆಯಲ್ಲೇ. ಗೋವಾದ ಝುವಾರಿನಗರದ ಬಿಟ್ಸ್ ಪಿಲಾನಿ ಕ್ಯಾಂಪಸ್‌ನಲ್ಲಿ ಜೀವವಿಜ್ಞಾನ, ಕಂಪ್ಯೂಟರ್ ಎರಡೂ ವಿಭಾಗಗಳಿವೆ. ಹುಬ್ಬಳ್ಳಿ-ಧಾರವಾಡದ ಕಡೆಯವರಿಗೆ ಲೋಂಡಾ ದಾಟಿ ವಾಸ್ಕೋಗೆ ರೈಲು ಉಂಟು, ಬೆಂಗಳೂರಿಗಿಂತ ಹತ್ತಿರ.

ದಾರಿಗಳು ಹಲವು. ಟಿಐಎಫ್‌ಆರ್‌ನ ವಿಎಸ್‌ಆರ್‌ಪಿ ಎಂಬ ಬೇಸಿಗೆಯ ಸಂಶೋಧನಾ ಕಾರ್ಯಕ್ರಮ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಫೆಲೋಶಿಪ್, ಜರ್ಮನಿಗೆ ಹೋಗಬಯಸುವ ಎಂಜಿನಿಯರಿಂಗ್ ಮತ್ತು ವಿಜ್ಞಾನ ವಿದ್ಯಾರ್ಥಿಗಳಿಗೆ ಅಲ್ಲಿನ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಾಡ್ (ಡಿಎಎಡಿ) ಕೊಡುವ ವೈಸ್ ಇಂಟರ್ನ್‌ಶಿಪ್. ಮನೆ ಬಿಟ್ಟು ಹೋಗಲಾಗದವರಿಗೆ 2020ರಿಂದ ನಡೆಯುತ್ತಿರುವ ಮೂರು ವಾರದ ನ್ಯೂರೋಮ್ಯಾಚ್ ಆನ್‌ಲೈನ್ ಶಾಲೆ ಇದೆ. ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಐಎನ್‌ಸಿಎಫ್ ಎಂಬ ನರಮಾಹಿತಿ ಸಂಸ್ಥೆಯಡಿ ಸಿಗುವ 175 ಅಥವಾ 350 ಗಂಟೆಯ ಕೆಲಸಗಳೂ ಇವೆ. ಬೇಸಿಗೆಯ ಹೆಚ್ಚಿನ ಕೆಲಸಗಳಿಗೆ ಚಳಿಗಾಲದಲ್ಲೇ ಅರ್ಜಿ ಹೋಗಿರಬೇಕು. ಮಾರ್ಚಿನಲ್ಲಿ ಎದ್ದವರಿಗೆ ಹೆಚ್ಚಾಗಿ ಉಳಿಯುವುದು ನೇರವಾಗಿ ಲ್ಯಾಬಿಗೆ ಪತ್ರ ಬರೆಯುವ ದಾರಿ.

ಆ ಪತ್ರದ ಬಗ್ಗೆ ಒಂದು ಮಾತು. ‘ರೆಸ್ಪೆಕ್ಟೆಡ್ ಸರ್, ನಿಮ್ಮ ಸಂಶೋಧನೆ ಬಹಳ ಇಷ್ಟವಾಯಿತು’ ಎನ್ನುವ ಒಂದೇ ಒಕ್ಕಣೆ ಐವತ್ತು ಕಡೆಗೆ ಹೋದರೆ ಐವತ್ತು ಕಡೆಯೂ ಕಸದಬುಟ್ಟಿಗೆ ಹೋಗುತ್ತದೆ. ಆ ಲ್ಯಾಬಿನ ಒಂದು ಲೇಖನ ಓದಿ, ಅದರ ಜೊತೆ ಸಾರ್ವಜನಿಕವಾಗಿ ಇಟ್ಟ ದತ್ತಾಂಶವನ್ನು ಇಳಿಸಿಕೊಂಡು, ಒಂದು ಚಿತ್ರವನ್ನು ನೀವೇ ಮತ್ತೆ ತಯಾರಿಸಿ. ಪತ್ರ 150 ಪದ ಮೀರದಿರಲಿ, ಆ ಚಿತ್ರ ಲಗತ್ತಾಗಿರಲಿ. ಲೇಖನದ್ದಕ್ಕೂ ನಿಮ್ಮದಕ್ಕೂ ಎಲ್ಲಿ ತಾಳೆಯಾಗಲಿಲ್ಲ ಎಂದು ಒಂದು ಸಾಲು ಬರೆಯಿರಿ. ಆ ಒಂದು ಸಾಲಿಗೇ ಉತ್ತರ ಬರುವುದು ಹೆಚ್ಚು.

ಹೋಗುವ ಮೊದಲು

ಕಂಪ್ಯೂಟರ್ ಕಡೆಯಿಂದ ಹೊರಟವರು ನರವಿಜ್ಞಾನದ ದಪ್ಪ ಪುಸ್ತಕ ಮುಗಿಸಿಕೊಂಡು ಹೋಗಬೇಕಿಲ್ಲ. ಒಂದು ನರಕೋಶವನ್ನು ಪೈಥಾನ್‌ನಲ್ಲಿ ಕಟ್ಟಿ, 20 ಸಾಲು ಸಾಕು. ಕೋಶದ ವಿಶ್ರಾಂತ ವೋಲ್ಟೇಜು ಮೈನಸ್ 70 ಮಿಲಿವೋಲ್ಟ್, ಸ್ಪೈಕ್ ಹಾರುವ ಹೊಸ್ತಿಲು ಮೈನಸ್ 55, ಹಾರಿದ ಕೂಡಲೇ ಮತ್ತೆ ಮೈನಸ್ 70ಕ್ಕೆ. ಪೊರೆಯ ಕಾಲಾಂಕ (ವೋಲ್ಟೇಜು ಎಷ್ಟು ಬೇಗ ಬದಲಾಗುತ್ತದೆ ಎಂಬುದರ ಅಳತೆ) 20 ಮಿಲಿಸೆಕೆಂಡ್, ರೋಧ 100 ಮೆಗಾ ಓಮ್. ಇದಕ್ಕೆ 0.2 ನ್ಯಾನೋ ಆಂಪಿಯರ್ ವಿದ್ಯುತ್ತು ಹರಿಸಿದರೆ ವೋಲ್ಟೇಜು 20 ಮಿಲಿವೋಲ್ಟ್ ಏರಲು ಹೊರಡುತ್ತದೆ, 15 ಏರಿದಲ್ಲೇ ಹೊಸ್ತಿಲು ಸಿಗುತ್ತದೆ. ಸುಮಾರು 28 ಮಿಲಿಸೆಕೆಂಡಿಗೊಂದು ಸ್ಪೈಕ್, ಸೆಕೆಂಡಿಗೆ ಸುಮಾರು 36. ವಿದ್ಯುತ್ತನ್ನು 0.14ಕ್ಕೆ ಇಳಿಸಿದರೆ ಏರಿಕೆ 14ಕ್ಕೇ ನಿಂತು ಒಂದು ಸ್ಪೈಕೂ ಬರುವುದಿಲ್ಲ. ಹೊಸ್ತಿಲು ಎಂದರೇನು ಎಂಬುದು ಈ ಎರಡು ಅಂಕಿಗಳಲ್ಲಿ ಕೈಗೆ ಸಿಗುತ್ತದೆ.

ಇಲ್ಲೇ ಎರಡು ತಪ್ಪು ಮಾಡಿ ನೋಡುವುದೂ ಒಳ್ಳೆಯದು. ಲೆಕ್ಕದ ಹೆಜ್ಜೆಯನ್ನು 0.1 ಮಿಲಿಸೆಕೆಂಡಿನ ಬದಲು 5 ಮಿಲಿಸೆಕೆಂಡ್ ಮಾಡಿದರೆ 36ರ ಜಾಗದಲ್ಲಿ 40 ಸ್ಪೈಕ್ ಬರುತ್ತದೆ. ಕೋಡು ಎಲ್ಲೂ ದೂರು ಹೇಳುವುದಿಲ್ಲ, ಗ್ರಾಫೂ ಚೆನ್ನಾಗಿಯೇ ಕಾಣುತ್ತದೆ. ನ್ಯಾನೋ ಬದಲು ಮೈಕ್ರೋ ಬರೆದರೆ ನರಕೋಶಕ್ಕೆ 20 ವೋಲ್ಟ್ ಕೊಟ್ಟ ಹಾಗಾಯಿತು. ಅದನ್ನು ಕಂಪ್ಯೂಟರು ಒಪ್ಪುತ್ತದೆ, ಜೀವಶಾಸ್ತ್ರ ಓದಿದವರು ನೋಡಿದ ಕೂಡಲೇ ಸಾಧ್ಯವಿಲ್ಲ ಎನ್ನುತ್ತಾರೆ. ಆ ಅಂಕಿಯ ಅಂದಾಜು ನಿಮ್ಮ ಮೈಗೂ ಹತ್ತಬೇಕು.

ಜೀವಶಾಸ್ತ್ರದಿಂದ ಹೊರಟವರ ತಯಾರಿ ಬೇರೆ. ಪೈಥಾನ್‌ನ ಅರೇಗಳು, ಕೋಡಿನ ಪ್ರತಿ ಬದಲಾವಣೆಯನ್ನೂ ಕಾಪಿಡುವ ಗಿಟ್, ಇನ್ನೊಬ್ಬರು ಬರೆದ ಕೋಡನ್ನು ಓದುವ ತಾಳ್ಮೆ. ಎಕ್ಸೆಲ್ ಮೇಲಿನ ಪೂರ್ಣ ನಂಬಿಕೆಯನ್ನು ಬಿಟ್ಟು ಹೋಗಬೇಕು. ಅದು ಕೆಲವು ಜೀನುಗಳ ಹೆಸರನ್ನು ತಾರೀಖೆಂದು ತಿಳಿದು ಬದಲಾಯಿಸುವ ಕಾಟ ಎಷ್ಟಾಯಿತೆಂದರೆ, ಕೊನೆಗೆ ಜೀನುಗಳ ಹೆಸರನ್ನೇ ಬದಲಿಸಬೇಕಾಯಿತು. ಗಾತ್ರದ ಅಂದಾಜೂ ಬೇಕು. ನ್ಯೂರೋಪಿಕ್ಸೆಲ್ ಎಂಬ ಈಗಿನ ಎಲೆಕ್ಟ್ರೋಡು 384 ಚಾನೆಲಿನಲ್ಲಿ ಸೆಕೆಂಡಿಗೆ 30,000 ಸಲ ಅಳೆಯುತ್ತದೆ, ಒಂದೊಂದು ಅಳತೆಗೆ 2 ಬೈಟ್. ಗುಣಿಸಿದರೆ ಸೆಕೆಂಡಿಗೆ 23 ಮೆಗಾಬೈಟ್, ಗಂಟೆಗೆ 83 ಗಿಗಾಬೈಟ್. 16 ಗಿಗಾಬೈಟ್ ಮೆಮೊರಿಯ ಲ್ಯಾಪ್‌ಟಾಪಿನಲ್ಲಿ ಇದನ್ನು ಒಮ್ಮೆಲೇ ತೆರೆಯಲು ಹೋದರೆ ಅದು ಅಲ್ಲೇ ಕಟ್ಟಿ ನಿಲ್ಲುತ್ತದೆ. ಬೇಕಾದ ತುಂಡನ್ನು ಮಾತ್ರ ಡಿಸ್ಕಿನಿಂದ ಓದುವ ವಿಧಾನ ಕಲಿತು ಹೋಗಿ, ಮೊದಲ ವಾರ ಉಳಿಯುತ್ತದೆ.

ಇದೆಲ್ಲದರ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಪ್ರಾಣಿಗಳ ಅಥವಾ ಮನುಷ್ಯರ ಮೇಲಿನ ಪ್ರಯೋಗಕ್ಕೆ ಅನುಮತಿ ಇದೆಯೇ, ಅದರಲ್ಲಿ ನನ್ನ ಹೆಸರು ಸೇರಬೇಕೇ? ಪ್ರಾಣಿ ಪ್ರಯೋಗವನ್ನು ಸಂಸ್ಥೆಯ ಪ್ರಾಣಿ ನೀತಿ ಸಮಿತಿ ಒಪ್ಪಬೇಕು, ಮನುಷ್ಯರದಕ್ಕೆ ಬೇರೆಯದೇ ನೀತಿ ಸಮಿತಿ. ಸಮಿತಿಗಳು ದಿನಾ ಸೇರುವುದಿಲ್ಲ. ಎಂಟು ವಾರಕ್ಕೆ ಬಂದವರು ಹೊಸ ಅನುಮತಿಗೆ ಕಾದರೆ, ಅನುಮತಿ ಬರುವ ಹೊತ್ತಿಗೆ ವಾಪಸು ಹೊರಡುವ ದಿನ ಬಂದಿರುತ್ತದೆ. ಆದ್ದರಿಂದ ನಮ್ಮ ಸಲಹೆ ಖಡಾಖಂಡಿತ: ಕಡಿಮೆ ಅವಧಿಯ ವಿನಿಮಯಕ್ಕೆ ಈಗಾಗಲೇ ಸಂಗ್ರಹವಾದ ದತ್ತಾಂಶವನ್ನೇ ಆರಿಸಿ, ಪ್ರಯೋಗವನ್ನು ಪಕ್ಕದಲ್ಲಿ ನಿಂತು ನೋಡಿ.

ಲ್ಯಾಬಿನ ಎಂಟು ವಾರ

ಮೊದಲ ವಾರ ನೋಡುವುದಕ್ಕೆ. ಇಇಜಿ, ಅಂದರೆ ನೆತ್ತಿಯ ಮೇಲಿಂದ ಮಿದುಳಿನ ವಿದ್ಯುತ್ ಸಂಕೇತ ಅಳೆಯುವ ಲ್ಯಾಬಾದರೆ, ಒಮ್ಮೆ ಎಲೆಕ್ಟ್ರೋಡಿನ ಟೋಪಿಯನ್ನು ನೀವೇ ಹಾಕಿಸಿಕೊಳ್ಳಿ. ತಲೆಯ ಮೇಲೆ 64 ಕಡೆ ಜೆಲ್ ತುಂಬಿ, ಪ್ರತಿ ಎಲೆಕ್ಟ್ರೋಡಿನ ರೋಧವನ್ನು 5ರಿಂದ 10 ಕಿಲೋ ಓಮ್‌ಗೆ ಇಳಿಸಲು ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ಮುಂಬೈ, ಗೋವಾದ ಜೂನ್ ತಿಂಗಳಲ್ಲಿ ಇನ್ನೂ ಎರಡು ತೊಂದರೆ ಕಣ್ಣಾರೆ ಕಾಣುತ್ತವೆ. ಎಸಿ ನಿಂತರೆ ನೆತ್ತಿ ಬೆವರಿ ಸಂಕೇತ ನಿಧಾನವಾಗಿ ಅಲೆಅಲೆಯಾಗಿ ತೇಲುತ್ತದೆ. ಜೆಲ್ ಹೆಚ್ಚಾಗಿ ಹರಿದು ಪಕ್ಕಪಕ್ಕದ ಎರಡು ಎಲೆಕ್ಟ್ರೋಡು ಒಂದಾಗಿಬಿಡುತ್ತವೆ. ಕಂಪ್ಯೂಟರಿನಲ್ಲಿ ಮಾತ್ರ ನೋಡಿದವರಿಗೆ ಎರಡು ಚಾನೆಲ್ ಒಂದೇ ಥರ ಏರಿಳಿಯುವುದು ‘ಮಿದುಳಿನ ಎರಡು ಭಾಗಗಳ ಗಾಢ ಸಂಬಂಧ’ ಎಂದು ಕಾಣಿಸೀತು. ಟೋಪಿ ಹಾಕಿಸಿಕೊಂಡವರಿಗೆ ಅದು ಜೆಲ್ ಎಂದು ಗೊತ್ತು.

ವಿದ್ಯುತ್ ತಂತಿಯ ಗುಂಯ್‌ಗುಡುವಿಕೆಯದೂ ಇದೇ ಕಥೆ. ಅಮೆರಿಕದಲ್ಲಿ ಬರೆದ ಪಾಠಗಳಲ್ಲಿ ಅದನ್ನು ಕಳೆಯಲು 60 ಹರ್ಟ್ಸ್‌ನ ಫಿಲ್ಟರ್ ಹಾಕಿರುತ್ತಾರೆ. ನಮ್ಮ ಮನೆಗೆ ಬರುವುದು 50 ಹರ್ಟ್ಸ್. ಪಾಠದ ಕೋಡನ್ನು ಹಾಗೇ ಅಂಟಿಸಿದರೆ ಇಲ್ಲದ ಗದ್ದಲವನ್ನು ಕಳೆದು, ಇರುವ ಗದ್ದಲವನ್ನು ಉಳಿಸಿಕೊಂಡ ಹಾಗಾಗುತ್ತದೆ. ಆವರ್ತನಗಳ ಗ್ರಾಫು ತೆಗೆದು 50ರಲ್ಲಿ ಮುಳ್ಳಿನಂತೆ ಏನಾದರೂ ನಿಂತಿದೆಯೇ ಎಂದು ಒಮ್ಮೆ ನೋಡಿದರೆ ಸಾಕು.

ಎರಡನೆಯ ವಾರ ಲ್ಯಾಬು ಈಗಾಗಲೇ ಪ್ರಕಟಿಸಿದ ಒಂದು ಚಿತ್ರವನ್ನು ಅವರದೇ ದತ್ತಾಂಶದಿಂದ ಮತ್ತೆ ತಯಾರಿಸಿ. ಸ್ವಂತ ಪ್ರಶ್ನೆಗೆ ಕೈ ಹಾಕುವುದು ಆಮೇಲೆ, ಅದಕ್ಕೆ ನಾಲ್ಕು ವಾರಕ್ಕಿಂತ ಹೆಚ್ಚು ಸಿಗುವುದಿಲ್ಲ. ಹಾಗಾಗಿ ಪ್ರಶ್ನೆ ಚಿಕ್ಕದಿರಲಿ.

ಈ ನಾಲ್ಕು ವಾರದಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳು ಬೀಳುವ ದೊಡ್ಡ ಗುಂಡಿ ಒಂದಿದೆ. 20 ಜನರ ಇಇಜಿ ಇದೆ, 10 ಜನ ರೋಗಿಗಳು, 10 ಜನ ಆರೋಗ್ಯವಂತರು. ಪ್ರತಿಯೊಬ್ಬರದೂ 10 ನಿಮಿಷದ ದಾಖಲೆ. ಇದರಿಂದ ರೋಗವನ್ನು ಗುರುತಿಸಲು ಕಂಪ್ಯೂಟರಿನ ಒಂದು ಮಾದರಿಗೆ ಕಲಿಸಬೇಕು. ಎರಡೆರಡು ಸೆಕೆಂಡಿನ ತುಂಡು ಮಾಡಿದರೆ ಒಬ್ಬರಿಂದ 300, ಒಟ್ಟು 6,000 ತುಂಡು. ರೂಢಿಯಂತೆ ಎಲ್ಲವನ್ನೂ ಕಲಸಿ 80 ಭಾಗವನ್ನು ಕಲಿಕೆಗೆ, 20 ಭಾಗವನ್ನು ಪರೀಕ್ಷೆಗೆ ಇಡುತ್ತಾರೆ. ಫಲಿತಾಂಶ ಕಣ್ಣು ಕುಕ್ಕುವಷ್ಟು ಚೆನ್ನಾಗಿ ಬರುತ್ತದೆ. ಯಾಕೆಂದರೆ ಪ್ರತಿಯೊಬ್ಬರ ಸುಮಾರು 240 ತುಂಡು ಕಲಿಕೆಯಲ್ಲೂ 60 ತುಂಡು ಪರೀಕ್ಷೆಯಲ್ಲೂ ಇವೆ. ಮಾದರಿ ಕಲಿತದ್ದು ರೋಗವನ್ನಲ್ಲ, ಆಳನ್ನು. ತಲೆಬುರುಡೆಯ ದಪ್ಪ, ಟೋಪಿ ಕೂತ ರೀತಿ, ಕಣ್ಣು ಮಿಟುಕಿಸುವ ಅಭ್ಯಾಸ, ಇವೆಲ್ಲ ಒಬ್ಬೊಬ್ಬರ ಗುರುತು. ಹೊಸಬರೊಬ್ಬರು ಬಂದು ಕೂತರೆ ಅದು ದಿಕ್ಕೆಡುತ್ತದೆ.

ಒಬ್ಬ ವ್ಯಕ್ತಿಯ ಎಲ್ಲ ತುಂಡುಗಳನ್ನೂ ಒಂದೇ ಕಡೆ ಇಡಬೇಕು: 16 ಜನ ಕಲಿಕೆಗೆ, 4 ಜನ ಪರೀಕ್ಷೆಗೆ, ಹೀಗೆ ಐದು ಸುತ್ತು. ಆಗ ಇನ್ನೊಂದು ಸತ್ಯ ಹೊರಬೀಳುತ್ತದೆ. ಪರೀಕ್ಷೆಗೆ ನಾಲ್ಕೇ ಜನ ಇದ್ದರೆ ಒಬ್ಬರ ವಿಷಯದಲ್ಲಿ ಎಡವಿದರೂ ಅಂಕ 25 ಇಳಿಯುತ್ತದೆ. ನಿಮ್ಮ ಹತ್ತಿರ ಇರುವುದು 6,000 ಉದಾಹರಣೆಯಲ್ಲ, 20. ದತ್ತಾಂಶದ ಸರಾಸರಿ ತೆಗೆದು ಹದಗೊಳಿಸುವ ಕೆಲಸವೂ ಕಲಿಕೆಯ ಭಾಗದಿಂದ ಮಾತ್ರ ಆಗಬೇಕು, ಇಡೀ ರಾಶಿಯಿಂದ ಮಾಡಿದರೆ ಉತ್ತರ ಪತ್ರಿಕೆ ಸೋರಿದಂತೆ.

ಜೀವಶಾಸ್ತ್ರದವರು ಬೀಳುವ ಗುಂಡಿ ಬೇರೆ. ಸಾವಿರ ಕಡೆ ಹುಡುಕಿ ಸಿಕ್ಕ ಒಂದನ್ನು ಮೊದಲೇ ಊಹಿಸಿದ್ದೆವು ಎಂಬಂತೆ ಬರೆಯುವುದು. 2009ರಲ್ಲಿ ಸತ್ತ ಸಾಲ್ಮನ್ ಮೀನೊಂದನ್ನು ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಯಂತ್ರದಲ್ಲಿಟ್ಟು, ಮನುಷ್ಯರ ಚಿತ್ರ ತೋರಿಸಿ, ಅದರ ಮಿದುಳಿನಲ್ಲಿ ‘ಚಟುವಟಿಕೆ’ ಸಿಕ್ಕಿದ್ದನ್ನು ಸಂಶೋಧಕರು ಬೇಕೆಂದೇ ಪ್ರಕಟಿಸಿದರು. ಸಾವಿರಾರು ಬಿಂದುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಅಷ್ಟು ಸಲ ಪರೀಕ್ಷಿಸಿದ್ದಕ್ಕೆ ತಿದ್ದುಪಡಿ ಮಾಡದಿದ್ದರೆ ಏನಾಗುತ್ತದೆ ಎಂದು ತೋರಿಸಲು. ತಿದ್ದುಪಡಿ ಮಾಡಿದ ಕೂಡಲೇ ಚಟುವಟಿಕೆ ಮಾಯವಾಯಿತು. ಕಂಪ್ಯೂಟರ್ ಲ್ಯಾಬಿನಲ್ಲಿ ಎರಡು ತಿಂಗಳು ಕೂತ ಜೀವಶಾಸ್ತ್ರಜ್ಞರು ಈ ಒಂದನ್ನು ಕಲಿತು ಬಂದರೂ ಸಾಕು.

ಕರಾರು ಮಾತಿನಲ್ಲಿ ಬೇಡ, ಬರಹದಲ್ಲಿ ಇರಲಿ. ಲೇಖನ ಬಂದರೆ ಹೆಸರು ಸೇರುತ್ತದೆಯೇ, ಕೋಡನ್ನು ಸಾರ್ವಜನಿಕವಾಗಿ ಇಡಬಹುದೇ, ದತ್ತಾಂಶ ಯಾರ ಯಂತ್ರದಲ್ಲಿ ಉಳಿಯಬೇಕು ಎಂದು ಮೊದಲ ವಾರವೇ ಗೈಡ್‌ಗೆ ಒಂದು ವಿನಯದ ಮೇಲ್ ಹಾಕಿ ಉತ್ತರ ಪಡೆಯಿರಿ. ಕೊನೆಯ ವಾರ ಕೇಳಿದರೆ ಇಬ್ಬರಿಗೂ ಮುಜುಗರ. ಮನುಷ್ಯರ ದತ್ತಾಂಶವನ್ನು ಪೆನ್‌ಡ್ರೈವಿನಲ್ಲಿ ಮನೆಗೆ ಒಯ್ಯುವ ಮಾತೇ ಬೇಡ.

ಮಳೆಗಾಲದ ಒಂದು ಕಿವಿಮಾತು. ಮಾಟುಂಗಾದಿಂದ ಸಿಎಸ್‌ಎಂಟಿಗೆ ಲೋಕಲ್, ಅಲ್ಲಿಂದ ಬಸ್ಸು ಹಿಡಿದು ಕೊಲಾಬಾಗೆ ಹೋಗುವವರಿಗೆ ಜುಲೈಯಲ್ಲಿ ಒಂದಿಷ್ಟು ದಿನ ಹಳಿಯ ಮೇಲೆ ನೀರು ನಿಂತೇ ನಿಲ್ಲುತ್ತದೆ. ಲ್ಯಾಬಿನ ಸರ್ವರನ್ನು ಮನೆಯಿಂದ ತೆರೆಯುವ ಅನುಮತಿಯನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ, ಆ ದಿನಗಳು ಹಾಳಾಗುವುದಿಲ್ಲ.

ಕೆಲಸದ ಬಾಗಿಲಲ್ಲಿ

ಮೊದಲು ನಿಜ ಹೇಳಬೇಕು. ನರವಿಜ್ಞಾನ ಎಂದೇ ಬೋರ್ಡು ಹಾಕಿದ ಖಾಸಗಿ ನೌಕರಿ ನಮ್ಮಲ್ಲಿ ಕಡಿಮೆ. ವಿನಿಮಯ ಮಾಡಿ ಬಂದ ಮರುದಿನ ಸಂಬಳ ಏರುವುದೂ ಇಲ್ಲ. ಸಾಫ್ಟ್‌ವೇರ್ ಕೆಲಸ ಬಿಟ್ಟು ಪಿಎಚ್‌ಡಿಗೆ ಹೋಗುವವರ ಮನೆಯಲ್ಲಿ ಅಪ್ಪ-ಅಮ್ಮ ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಸಂಶೋಧನೆಯ ಫೆಲೋಶಿಪ್‌ನಲ್ಲಿ 2023ರಿಂದ ಕಿರಿಯರ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಹಿರಿಯರ ಎಸ್‌ಆರ್‌ಎಫ್ 42,000, ಜೊತೆಗೆ ಮನೆಬಾಡಿಗೆ ಭತ್ಯೆ. ಮುಂಬೈಯಲ್ಲಿ ಹಾಸ್ಟೆಲ್ ಸಿಕ್ಕರೆ ಸಾಗುತ್ತದೆ, ಸಿಗದಿದ್ದರೆ ಬಿಗಿ.

ಹಾಗಾದರೆ ಲಾಭ ಎಲ್ಲಿ? ಪಿಎಚ್‌ಡಿ ಸಂದರ್ಶನದಲ್ಲಿ ಅದು ಎದ್ದು ಕಾಣುತ್ತದೆ. ಟಿಐಎಫ್‌ಆರ್‌ನ ಜೀವಶಾಸ್ತ್ರ ವಿಭಾಗದ ಪ್ರವೇಶಕ್ಕೆ ಎಂಜಿನಿಯರಿಂಗ್ ಓದಿದವರೂ ಕೂರಬಹುದು. ಆದರೆ ‘ಯಾಕೆ ಈ ಕಡೆಗೆ’ ಎಂಬ ಪ್ರಶ್ನೆಗೆ ಆಸಕ್ತಿ ಎನ್ನುವ ಉತ್ತರ ಸಾಲದು. ಎರಡು ತಿಂಗಳು ಮಾಡಿದ ಕೆಲಸ, ಅದರಲ್ಲಿ ಕೈಕೊಟ್ಟದ್ದು, ಅದನ್ನು ಹಿಡಿದ ಬಗೆ, ಇಷ್ಟನ್ನು ಹೇಳಬಲ್ಲವರ ಜೊತೆ ಸಂದರ್ಶಕರು ಮಾತು ಮುಂದುವರಿಸುತ್ತಾರೆ.

ಎರಡನೆಯದು ವೈದ್ಯಕೀಯ ಚಿತ್ರಗಳ ಕ್ಷೇತ್ರ. ಮುಂಬೈಯ ಕ್ಯೂರ್.ಎಐಯಂಥ ಕಂಪನಿಗಳು ತಲೆಯ ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಹುಡುಕುವ ಸಾಫ್ಟ್‌ವೇರ್ ಮಾಡುತ್ತವೆ. ಒಬ್ಬ ರೋಗಿಯ ಸ್ಕ್ಯಾನಿನಲ್ಲಿ ಹತ್ತಾರು ಪದರ ಇರುತ್ತವೆ. ಕೆಲವು ಕಲಿಕೆಗೂ ಕೆಲವು ಪರೀಕ್ಷೆಗೂ ಹೋದರೆ ಇಇಜಿಯಲ್ಲಿ ನೋಡಿದ ಅದೇ ಸೋರಿಕೆ. ಇಲ್ಲಿ ತಪ್ಪಿದರೆ ಹಾಳಾಗುವುದು ಲೇಖನವಲ್ಲ, ಒಬ್ಬರ ಜೀವ.

ಮೂರನೆಯದು ಜನ ನಿರೀಕ್ಷಿಸದ ಜಾಗ. ಪುಣೆಯ ಚಾಕಣದ ವಾಹನ ಕಾರ್ಖಾನೆಗಳ ಸುತ್ತ, ಗಾಡಿಯ ಕ್ಯಾಮೆರಾ, ವೇಗದ ಸೆನ್ಸರ್, ಕಂಪನದ ಸೆನ್ಸರ್‌ಗಳ ದತ್ತಾಂಶ ನೋಡುವ ಎಂಜಿನಿಯರ್‌ಗಳಿಗೆ ಬೇಡಿಕೆ ಇದೆ. ಬೇರೆ ಬೇರೆ ಗಡಿಯಾರ, ಬೇರೆ ಬೇರೆ ವೇಗ, ನಡುನಡುವೆ ತಪ್ಪಿಹೋದ ಅಳತೆ, ಗದ್ದಲದ ನಡುವೆ ಅಡಗಿದ ಸಣ್ಣ ಮಿಡಿತ. ಇಲಿಯ ಜಾಗದಲ್ಲಿ ಗಾಡಿ ಬಂದಿದೆ, ಅಷ್ಟೇ. ಸ್ಪೈಕ್ ಬೇರ್ಪಡಿಸಲು ಕಲಿತವರಿಗೆ ಬೇರಿಂಗಿನ ಸದ್ದು ಬೇರ್ಪಡಿಸುವುದು ಹೊಸದಲ್ಲ.

ರೆಸ್ಯೂಮೆಯಲ್ಲಿ ‘ನರವಿಜ್ಞಾನ ಲ್ಯಾಬಿನಲ್ಲಿ ಮಷೀನ್ ಲರ್ನಿಂಗ್ ಬಳಸಿ ಕೆಲಸ’ ಎಂದು ಬರೆದರೆ ಓದುವವರಿಗೆ ಏನೂ ಸಿಗದು. ‘20 ಜನರ 64 ಚಾನೆಲ್ ಇಇಜಿ, ವ್ಯಕ್ತಿವಾರು ಬೇರ್ಪಡಿಸಿ ಪರೀಕ್ಷೆ, ಕಲಸಿ ಮಾಡಿದ ಪರೀಕ್ಷೆಗಿಂತ ಅಂಕ ಎಷ್ಟು ಇಳಿಯಿತು ಎಂಬ ಹೋಲಿಕೆ, ಕೋಡ್ ಸಾರ್ವಜನಿಕ’ ಎಂದು ಬರೆಯಿರಿ. ಇಳಿದ ಅಂಕವನ್ನು ಮುಚ್ಚಿಡಬೇಡಿ, ವಿಷಯ ಬಲ್ಲವರು ಮೊದಲು ಕೇಳುವುದು ಅದನ್ನೇ.

ಹೊರಡುವ ಮೊದಲಿನ ವಾರ ಪೂರ್ತಿ ಒಪ್ಪಿಸಿಕೊಡುವ ಕೆಲಸಕ್ಕೆ ಇರಲಿ. ಇಇಜಿ ಮತ್ತು ಎಂಆರ್‌ಐಗೆ ಬಿಡ್ಸ್ ಎಂಬ ವ್ಯವಸ್ಥೆ ಇದೆ, ಎಲೆಕ್ಟ್ರೋಡಿನ ದಾಖಲೆಗಳಿಗೆ ಎನ್‌ಡಬ್ಲ್ಯೂಬಿ. ಫೈಲುಗಳ ಹೆಸರು, ಅಳತೆಯ ವೇಗ, ಯಾವ ಚಾನೆಲ್ ಕೆಟ್ಟಿತ್ತು ಎಂಬುದೆಲ್ಲ ಅದರಲ್ಲಿ ತನ್ನ ತನ್ನ ಜಾಗದಲ್ಲಿ ಕೂರುತ್ತದೆ. ಆಮೇಲೆ ನಿಮ್ಮ ಕೋಡನ್ನು ಒಮ್ಮೆಯೂ ನೋಡದ ಲ್ಯಾಬಿನ ಇನ್ನೊಬ್ಬರನ್ನು ಕೂರಿಸಿ, ಅವರ ಯಂತ್ರದಲ್ಲಿ, ನೀವು ಬಾಯಿ ಬಿಡದೆ, ಬರೆದಿಟ್ಟ ಸೂಚನೆ ಓದಿಕೊಂಡು ಓಡಿಸಲು ಹೇಳಿ. ಮೊದಲ ಸಲ ನಿಲ್ಲುವುದು ಹೆಚ್ಚಾಗಿ ನಿಮ್ಮ ಲ್ಯಾಪ್‌ಟಾಪಿನ ಫೋಲ್ಡರ್ ಹೆಸರು ಕೋಡಿನೊಳಗೇ ಬರೆದಿರುವ ಸಾಲಿನಲ್ಲಿ. ಅದನ್ನು ತಿದ್ದಿ, ಮತ್ತೆ ಓಡಿಸಲು ಹೇಳಿ. ಎರಡನೆಯ ಸಲ ನಿಲ್ಲುವುದು ಯಾವುದೋ ಲೈಬ್ರರಿಯ ಆವೃತ್ತಿ ಬೇರೆ ಇರುವುದರಿಂದ. ಆವೃತ್ತಿಗಳ ಪಟ್ಟಿಯನ್ನು ಕೋಡಿನ ಜೊತೆಗಿಡಿ. ಮೂರನೆಯ ಸಲ ಅವರ ಪರದೆಯ ಮೇಲೆ ನಿಮ್ಮದೇ ಚಿತ್ರ ಮೂಡಿದರೆ ಐಡಿ ಕಾರ್ಡು ಹಿಂದಿರುಗಿಸಿ ಹೊರಡಬಹುದು.